ಶವ ಕೆಮ್ಮುವುದಿಲ್ಲ, ಮತ್ತೆ ಮಾಸ್ಕ್ ಯಾಕೆ?

ಒಂಬತ್ತನೇ ತರಗತಿಯಲ್ಲಿ ಕ್ಷಯರೋಗದ ಪಾಠ ನಡೆಯುತ್ತಿತ್ತು. ರೋಗಿ ಕೆಮ್ಮಿದಾಗ ರೋಗಾಣು ಗಾಳಿಗೆ ಸೇರುತ್ತದೆ ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ನಮ್ಮ ಮಾವ ಶವಾಗಾರದಲ್ಲಿ ಕೆಲಸ ಮಾಡುದು. ಪೋಸ್ಟ್‌ಮಾರ್ಟಂ ಮಾಡುವಾಗ ಮಾಸ್ಕ್ ಹಾಕ್ತಾರೆ. ಹೆಣ ಕೆಮ್ಮುದಿಲ್ಲ ಅಲ್ವಾ?" ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗಂತೂ ಪ್ರಶ್ನೆ ಬಹಳ ಹಿಡಿಸಿತು.

ಶವ ಕೆಮ್ಮುವುದಿಲ್ಲ, ನಿಜ. ಆದರೆ ಮನುಷ್ಯ ಸತ್ತ ಕೂಡಲೇ ಅವನ ಶ್ವಾಸಕೋಶದಲ್ಲಿರುವ ಕ್ಷಯದ ಬ್ಯಾಕ್ಟೀರಿಯಾ ಸಾಯುವುದಿಲ್ಲ. ದೇಹ ಹೊರಳಿಸುವಾಗ ಎದೆ ಒತ್ತಿ ಒಳಗಿನ ಗಾಳಿ ಹೊರಬರಬಹುದು. ನೀರು ಜೋರಾಗಿ ಬಿಟ್ಟು ತೊಳೆದರೂ ಹನಿ ಹಾರುತ್ತದೆ. ಇನ್ನು ತಲೆಬುರುಡೆ ಕೊಯ್ಯುವ ವಿದ್ಯುತ್ ಗರಗಸವಂತೂ ಮೂಳೆಯ ಹುಡಿಯನ್ನೂ ರಕ್ತದ ಹನಿಗಳನ್ನೂ ಮಂಜಿನ ಹಾಗೆ ಎಬ್ಬಿಸುತ್ತದೆ. ದೊಡ್ಡ ಹನಿ ಕ್ಷಣದಲ್ಲಿ ನೆಲಕ್ಕೆ ಬೀಳುತ್ತದೆ. ಒಂದೆರಡು ಮೈಕ್ರೋಮೀಟರ್ ಗಾತ್ರದವು ಗಂಟೆಗಟ್ಟಲೆ ತೇಲುತ್ತವೆ, ಉಸಿರಿನ ಜೊತೆ ಶ್ವಾಸಕೋಶದ ತಳದ ಗಾಳಿಚೀಲಗಳ ತನಕ ಹೋಗುತ್ತವೆ.

ಸಾಮಾನ್ಯ ಸರ್ಜಿಕಲ್ ಮಾಸ್ಕ್ ಕೆನ್ನೆಯ ಬದಿಯಲ್ಲಿ ಸಂದು ಬಿಡುತ್ತದೆ. ಎನ್95 ಮುಖಕ್ಕೆ ಒತ್ತಿ ಕೂರುತ್ತದೆ; 0.3 ಮೈಕ್ರೋಮೀಟರಿನ ಕಣಗಳಲ್ಲೂ ಶೇಕಡಾ 95ನ್ನಾದರೂ ತಡೆಯುತ್ತದೆ. (ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ. ನನಗೆ ಗಡ್ಡ ಇದೆ!) ಆದರೆ ಮಾಸ್ಕ್ ಕೊನೆಯ ಬೇಲಿ. ಮೊದಲು ಮಂಜು ಏಳದಂತೆ ನೋಡಬೇಕು: ಹುಡಿಯನ್ನು ಅಲ್ಲೇ ಹೀರಿಕೊಳ್ಳುವ ಗರಗಸ, ಅದಿಲ್ಲದಿದ್ದರೆ ಕೈಗರಗಸ.

ಆಮೇಲೆ ಕೋಣೆಯ ಗಾಳಿ. ಅಮೆರಿಕದ ಸಿಡಿಸಿ ಸಂಸ್ಥೆಯ ಮಾರ್ಗಸೂಚಿಯಂತೆ ಶವಪರೀಕ್ಷೆಯ ಕೋಣೆಯಲ್ಲಿ ಗಂಟೆಗೆ 12 ಸಲ ಗಾಳಿ ಬದಲಾಗಬೇಕು. ಒಂದು ಸಲ ಬದಲಾದರೆ ಎಲ್ಲ ಹೋಯಿತು ಅಂತಲ್ಲ. ಕೆಸರುನೀರಿನ ಬಕೆಟಿಗೆ ನಲ್ಲಿ ತಿರುಗಿಸಿ ನೋಡಿ. ಒಂದು ಬಕೆಟ್ ಹೊಸ ನೀರು ಬಿದ್ದು ಅಷ್ಟೇ ನೀರು ಉಕ್ಕಿ ಹೋದರೂ ನೀರು ತಿಳಿಯಾಗುವುದಿಲ್ಲ. ಹೊಸತೂ ಹಳತೂ ಬೆರೆತೇ ಹೊರಹೋಗುವುದರಿಂದ ಸುಮಾರು 37 ಶೇಕಡಾ ಕೆಸರು ಉಳಿಯುತ್ತದೆ. ಮತ್ತೊಂದು ಬಕೆಟ್ ಬಿದ್ದರೆ ಆ 37ರ 37 ಶೇಕಡಾ. ಗಾಳಿಯ ಲೆಕ್ಕವೂ ಇದೇ. ಗಂಟೆಗೆ 12 ಸಲವಾದರೆ 99 ಶೇಕಡಾ ಕಣಗಳು ಹೋಗಲು 23 ನಿಮಿಷ ಸಾಕು. ಗಂಟೆಗೆ 2 ಸಲ ಮಾತ್ರವಾದರೆ 138 ನಿಮಿಷ ಬೇಕು!

ಕೋಣೆಯೊಳಗಿನ ಒತ್ತಡ ಹೊರಗಿಗಿಂತ ತುಸು ಕಡಿಮೆಯೂ ಇರಬೇಕು. ಆಗ ಬಾಗಿಲ ಸಂದಿನಲ್ಲಿ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಮುಚ್ಚಿದ ಬಾಗಿಲ ಬುಡದಲ್ಲಿ ಊದುಬತ್ತಿ ಹಿಡಿದರೆ ಹೊಗೆಯೇ ದಾರಿ ತೋರಿಸುತ್ತದೆ. ಬಾಗಿಲಾಚೆ ಜಗಲಿಯಲ್ಲಿ ಸತ್ತವರ ಮನೆಯವರು ಕಾಯುತ್ತಾ ಇರುತ್ತಾರೆ ನೋಡಿ.

ಮರುದಿನ ಹುಡುಗಿ ಮಾವನನ್ನು ಕೇಳಿಕೊಂಡು ಬಂದಳು. ಮಾಸ್ಕ್ ಸರ್ಜಿಕಲ್‌ನದ್ದೇ. ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆಯಂತೆ, ತಿರುಗುವುದಿಲ್ಲವಂತೆ.