ಚಳಿಗಾಲದ ಮೋಡ, ಬೇಸಿಗೆಯ ದ್ರಾಕ್ಷಿ

ಬೇಸಿಗೆ ರಜೆಯಲ್ಲಿ ದ್ರಾಕ್ಷಿ ಸೀಮೆಗೆ ಪ್ರವಾಸ ಅಂದ್ರೆ ಮೊದಲು ಏನು ಕೇಳ್ತೀರಿ? ಬಸ್ಸು ಎಷ್ಟೊತ್ತಿಗೆ, ಊಟ ಎಲ್ಲಿ, ಅಲ್ವಾ? ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಕಳೆದ ಚಳಿಗಾಲದಲ್ಲಿ ಅಲ್ಲಿ ಹವಾಮಾನ ಹೇಗಿತ್ತು?

ನಾವು ಹೋಗಬೇಕಾದ ಜಾಗ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು (ಹಗಲಲ್ಲೇ ಹೋಗಿ, ರಾತ್ರಿ ವಾಹನ ಬಿಡೋದಿಲ್ಲ), ಸತ್ಯಮಂಗಲ, ಧಾರಾಪುರಂ ದಾಟಿದರೆ ಒಡ್ಡನ್‌ಛತ್ರಂ. ಅಲ್ಲಿನ ತರಕಾರಿ ಮಾರುಕಟ್ಟೆಯಿಂದ ಕೇರಳಕ್ಕೆ ಲಾರಿಗಟ್ಟಲೆ ಸರಕು ಹೋಗುತ್ತದೆ. ಅರ್ಧ ಗಂಟೆ ನಿಂತು ನೋಡಿ. ಮುಂದೆ ಬತ್ಲಗುಂಡು, ತೇನಿ, ಚಿನ್ನಮನೂರು, ಆಮೇಲೆ ಕಂಬಂ. ಈ ಭಾಗದಲ್ಲಿ ತಲೆಮಾರುಗಳಿಂದ ಮನೆಮಾತು ಕನ್ನಡವಾಗಿರುವ ಕುಟುಂಬಗಳೂ ಇವೆ.

ಅಲ್ಲಿಯ ಬೆಳೆ ಪನ್ನೀರು ದ್ರಾಕ್ಷಿ. ತಳಿಯ ಹೆಸರು ಮಸ್ಕಟ್ ಹ್ಯಾಂಬರ್ಗ್. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಇದರಿಂದ ವೈನ್ ಕೂಡ ಮಾಡುತ್ತಾರೆ. ನಮಗೆ ಹುದುಗುವಿಕೆಯ ಪಾಠ ಸಾಕು!

ಫ್ರಾನ್ಸಿನಂಥ ದೇಶಗಳಲ್ಲಿ ಚಳಿಗಾಲಕ್ಕೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಆಗ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತೆ. ಅಪಾಯ ಬರೋದು ಎದ್ದ ಮೇಲೆ. 2021ರ ಏಪ್ರಿಲ್‌ನಲ್ಲಿ ಚಿಗುರೊಡೆದ ಬಳ್ಳಿಗಳ ಮೇಲೆ ಹಿಮ ಬಿದ್ದು ಫ್ರಾನ್ಸಿನ ರೈತರು ರಾತ್ರಿಯಿಡೀ ತೋಟದಲ್ಲಿ ಬೆಂಕಿ ಉರಿಸಿದರು. ಕೆಲವರು ಚಿಗುರಿಗೆ ನೀರು ಚಿಮುಕಿಸುತ್ತಾರೆ. ತಮಾಷೆ ಅಲ್ಲ, ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 334 ಜೂಲ್ ಗುಪ್ತೋಷ್ಣ ಹೊರಬಿಡುತ್ತದೆ!

ಕಂಬಂನಲ್ಲಿ ಹಿಮವೂ ಇಲ್ಲ, ಬಳ್ಳಿಗೆ ನಿದ್ದೆಯೂ ಇಲ್ಲ. ರೈತರೇ ಬಳ್ಳಿ ಸವರಿ ಚಿಗುರಿಸುತ್ತಾರೆ; ನಮ್ಮ ವಿಜಯಪುರದವರು ಚಾಟ್ನಿ ಅನ್ನೋದು ಇದಕ್ಕೇ. ಸವರಿದ ಸುಮಾರು ನಾಲ್ಕು ತಿಂಗಳಿಗೆ ಹಣ್ಣು. ಇಲ್ಲಿಯ ಕೆಟ್ಟ ಚಳಿಗಾಲ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ ಅತಿ ಮಳೆ. 2018ರ ನವೆಂಬರ್‌ನಲ್ಲಿ ಗಜ ಚಂಡಮಾರುತ ನಾಗಪಟ್ಟಣದ ಹತ್ತಿರ ದಡ ಮುಟ್ಟಿ ದಿಂಡಿಗಲ್ ಕಡೆಗೂ ಬಂದಿತ್ತು. ಅಂಥ ಮಳೆಯಲ್ಲಿ ಹಣ್ಣು ನೀರು ಹೀರಿ ಸಿಪ್ಪೆ ಒಡೆಯುತ್ತದೆ, ಎಲೆಗೆ ಬೂಜು ರೋಗ ಹತ್ತುತ್ತದೆ. ರೈತನ ತಿಂಗಳುಗಳ ದುಡಿಮೆ ವಾರದಲ್ಲಿ ಹೋಗಬಹುದು.

ಹಾಗಾದ್ರೆ ಜನವರಿಯಲ್ಲಿ ಸವರಿ ಮೇ ತಿಂಗಳಲ್ಲಿ ಕೊಯ್ಯುವ ಬೆಳೆಗೆ ಈ ಮಳೆಯ ಕಾಟ ಇಲ್ಲ ಅಂತೀರಾ? ಇದೆ! ಗೊಂಚಲು ಹುಟ್ಟೋದು ಸವರಿದ ಮೇಲಲ್ಲ. ಅದಕ್ಕೂ ಎಷ್ಟೋ ವಾರ ಮೊದಲೇ ಮೊಗ್ಗಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ಗಂಟು ಮೂಡಿರುತ್ತದೆ. ಚೆನ್ನಾಗಿ ಬಿಸಿಲು ಸಿಕ್ಕರೆ ಅದು ಹೂಗೊಂಚಲಾಗುತ್ತೆ. ಮೋಡ ಕವಿದಿದ್ದರೆ ಅದೇ ಗಂಟು ಬರೀ ಕುಡಿಬಳ್ಳಿಯಾಗುತ್ತೆ, ಅಂದರೆ ಆಸರೆಗೆ ಸುತ್ತಿಕೊಳ್ಳೋ ಸುರುಳಿ ದಾರ. ನವೆಂಬರ್‌ನ ಮೋಡ ಮೇ ತಿಂಗಳ ಬುಟ್ಟಿಯಲ್ಲಿ ಕಾಣಿಸುವುದು ಹೀಗೆ.

ಇದನ್ನು ತೋಟದಲ್ಲೇ ನೋಡಬಹುದು. ಗೊಂಚಲು ಯಾವಾಗಲೂ ಎಲೆಯ ಎದುರು ಬದಿಗಿರುತ್ತದೆ, ಕುಡಿಬಳ್ಳಿಯೂ ಅದೇ ಜಾಗದಲ್ಲಿ. ಒಮ್ಮೊಮ್ಮೆ ಅರ್ಧ ಕುಡಿ, ಅರ್ಧ ಗೊಂಚಲು ಇರೋದೂ ಸಿಗುತ್ತೆ. ಸಿಕ್ಕರೆ ಚಿತ್ರ ಬರೆದುಕೊಳ್ಳಿ.

ಪ್ರವಾಸದ ದಿನ ಗೊತ್ತುಮಾಡೋಕೆ ಕ್ಯಾಲೆಂಡರ್ ಸಾಲದು. ಜನವರಿಯಲ್ಲೇ ಅಲ್ಲಿಯ ಒಬ್ಬ ರೈತರಿಗೆ ಫೋನ್ ಮಾಡಿ ಸವರಿದ ತಾರೀಖು ಕೇಳಿ, 120 ದಿನ ಕೂಡಿಸಿ. ಜನವರಿ 5 ಅಂದರೆ ಮೇ 5ರ ಆಸುಪಾಸು. ನೆಲ ಆರದೆ ಸವರೋದು ಹದಿನೈದು ದಿನ ತಡವಾಗಿದ್ದರೆ ನಮ್ಮ ಬಸ್ಸೂ ಅಷ್ಟೇ ತಡವಾಗಿ ಹೊರಡಲಿ. ಹೋದಾಗ ಹತ್ತು ರೆಂಬೆ ಆರಿಸಿ, ಗೊಂಚಲೆಷ್ಟು, ಕುಡಿಯೆಷ್ಟು ಎಣಿಸಿ ಬರೆದುಕೊಂಡು ಬನ್ನಿ. ತೋಟದವರನ್ನು ಕೇಳದೆ ಒಂದು ಹಣ್ಣೂ ಕೀಳಬೇಡಿ.