ನಿಮಗಿದು ಗೊತ್ತೇ? ಮೊಳಕೆ ರಾಗಿಯಿಂದ ಬಿಯರ್ ಹಂಡೆಯವರೆಗೆ

ಹನೂರು ತಾಲ್ಲೂಕಿನ ಹೂಗ್ಯಂನಲ್ಲಿ ಮಗುವಿಗೆ ಮಾಲ್ಟ್ ಮಾಡಲೆಂದು ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸುವ ತಾಯಿ ಬಿಯರ್ ತಯಾರಿಕೆಯ ಮೊದಲ ಹಂತವನ್ನು ಆಗಲೇ ಮುಗಿಸಿರುತ್ತಾಳೆ. ಬಿಯರಿನ ಬಾರ್ಲಿಗೂ ಮಾಡುವುದು ಇದನ್ನೇ. ಅಲ್ಲಿಯೂ ಅದರ ಹೆಸರು ಮಾಲ್ಟೇ.

ಮೊಳಕೆ ಏಕೆ ಬೇಕು? ಯೀಸ್ಟ್ ಸಕ್ಕರೆ ತಿನ್ನುತ್ತದೆ, ಪಿಷ್ಟ ತಿನ್ನುವುದಿಲ್ಲ. ಕಾಳಿನಲ್ಲಿರುವುದೋ ಹೆಚ್ಚಾಗಿ ಪಿಷ್ಟ. ಮೊಳೆಯುವ ಕಾಳು ತನ್ನ ಸಸಿಗೆ ಉಣಿಸಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಪಿಷ್ಟವನ್ನು ಕಡಿದು ಸಕ್ಕರೆ ಮಾಡುವುದು ಅದರ ಕೆಲಸ. ಸಸಿಗೆಂದು ಕೂಡಿಟ್ಟದ್ದನ್ನು ಬಿಯರ್ ಮಾಡುವವರು ನಡುವೆಯೇ ಲಪಟಾಯಿಸುತ್ತಾರೆ, ಅಷ್ಟೆ.

ಇದನ್ನು ಕಣ್ಣಾರೆ ನೋಡಬೇಕೆ? ಗಟ್ಟಿಯಾಗಿ ರಾಗಿ ಗಂಜಿ ಕಾಯಿಸಿ ಒಲೆಯಿಂದ ಇಳಿಸಿ. ಕುದಿ ನಿಂತು, ಬಿಸಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಹಾಕಿ ಕಲಕಿ. ಸೌಟು ನಿಲ್ಲುವಂತಿದ್ದ ಗಂಜಿ ಸ್ವಲ್ಪ ಹೊತ್ತಿನಲ್ಲೇ ನೀರಾಗಿ ಹರಿಯುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿಯಿಂದ ಶಿಶು ಆಹಾರ ರೂಪಿಸಿದ್ದರ ಹಿಂದೆಯೂ ಇದೇ ಗುಟ್ಟಿದೆ: ಗಂಜಿ ತೆಳ್ಳಗಾದರೆ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಇಳಿಯುತ್ತದೆ. ಕಿರುಧಾನ್ಯಗಳಲ್ಲಿ ಮಾಲ್ಟ್ ಮಾಡಲು ರಾಗಿಯಷ್ಟು ಒಗ್ಗುವುದು ಅಪರೂಪ.

ಆದರೆ ಮೊಳಕೆ ರಾಗಿಯನ್ನು ಘಮ್ಮೆನ್ನುವಂತೆ ಹುರಿದಿರೋ, ಕಿಣ್ವ ಸತ್ತಂತೆ. ರುಚಿ ಉಳಿಯುತ್ತದೆ, ಕೆಲಸ ನಡೆಯುವುದಿಲ್ಲ. ಬಿಯರಿಗೆ ಬಳಸುವ ಮೂಲ ಮಾಲ್ಟನ್ನು ಹದವಾದ ಬಿಸಿಯಲ್ಲಿ ಒಣಗಿಸುವುದು ಅದಕ್ಕೇ. ಕಪ್ಪಗೆ ಹುರಿದ ಮಾಲ್ಟನ್ನು ಬಣ್ಣಕ್ಕೂ ಕಹಿಗೂ ಒಂದಿಷ್ಟು ಮಾತ್ರ ಸೇರಿಸುತ್ತಾರೆ.

ಡಬ್ಬದ ಮಾಲ್ಟ್ ಪಾಕ ಬಿಟ್ಟು ಇಡೀ ಕಾಳಿನಿಂದಲೇ ಮೊದಲ ಸಲ ಬಿಯರ್ ಮಾಡುವವರಿಗೆ ನಿಜವಾದ ಪರೀಕ್ಷೆ ಒಲೆಯ ಮುಂದಲ್ಲ, ಥರ್ಮಾಮೀಟರಿನ ಮುಂದೆ. ನುಚ್ಚಾಗಿ ಒಡೆದ ಬಾರ್ಲಿ ಮಾಲ್ಟನ್ನು ಕಿಲೋಗೆ ಎರಡೂವರೆ-ಮೂರು ಲೀಟರ್ ಬಿಸಿನೀರಿನಲ್ಲಿ ಕಲಸಿ ಒಂದು ಗಂಟೆ ಮುಚ್ಚಿಡಬೇಕು. ಬಿಸಿ 63 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ ಯೀಸ್ಟಿಗೆ ಸುಲಭವಾಗಿ ದಕ್ಕುವ ಸಕ್ಕರೆ ಹೆಚ್ಚು. ಬಿಯರ್ ತೆಳು, ಅಮಲು ಜಾಸ್ತಿ. 69ಕ್ಕೆ ಏರಿದರೆ ಯೀಸ್ಟ್ ತಿನ್ನಲಾರದ ಸಕ್ಕರೆಗಳು ಉಳಿದು ಬಿಯರ್ ಮಂದವಾಗುತ್ತದೆ, ತುಸು ಸಿಹಿಯೂ ಆಗುತ್ತದೆ. 80 ದಾಟಿದರೆ ಕಿಣ್ವಗಳ ಕಥೆ ಮುಗಿಯಿತು. ತಣ್ಣನೆ ಕಾಳು ಬಿದ್ದೊಡನೆ ನೀರಿನ ಬಿಸಿ ಇಳಿಯುತ್ತದೆ. ಹಾಗಾಗಿ 67 ಬೇಕೆಂದರೆ ನೀರನ್ನು 72-73ರವರೆಗೆ ಕಾಯಿಸಿಕೊಂಡಿರಬೇಕು.

ಪಿಷ್ಟ ಪೂರ್ತಿ ಸಕ್ಕರೆಯಾಯಿತೇ ಎಂದು ತಿಳಿಯಲು ಹೈಸ್ಕೂಲಿನ ಪ್ರಯೋಗವೇ ಸಾಕು: ಒಂದು ತೊಟ್ಟು ರಸವನ್ನು ಬಿಳಿ ತಟ್ಟೆಯಲ್ಲಿಟ್ಟು ಅಯೋಡಿನ್ ಹಾಕಬೇಕು. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಇದೆ, ಕಾಯಬೇಕು. ಪರೀಕ್ಷಿಸಿದ ತೊಟ್ಟನ್ನು ಮತ್ತೆ ಹಂಡೆಗೆ ಹಾಕಬಾರದು.

20 ಲೀಟರ್ ಸಾಧಾರಣ ಬಿಯರಿಗೆ ಬೇಕಾದ ಮಾಲ್ಟ್ ಹೆಚ್ಚುಕಡಿಮೆ ನಾಲ್ಕೂವರೆ ಕಿಲೋ. ರಸ ಇಳಿಸಿಕೊಂಡ ಮೇಲೆ ಉಳಿಯುವ ಚರಟದಲ್ಲಿ ಪ್ರೋಟೀನ್ ಚೆನ್ನಾಗಿರುವುದರಿಂದ ಅದು ದನಗಳಿಗೆ ಒಳ್ಳೆಯ ಮೇವು.

ಬಾರ್ಲಿಯ ಸಿಪ್ಪೆಯೇ ಅದರ ಜರಡಿ. ಹಂಡೆಯ ತಳದಲ್ಲಿ ಸಿಪ್ಪೆ ಹಾಸಿಕೊಂಡು ರಸವನ್ನು ತಾನೇ ಸೋಸಿಕೊಡುತ್ತದೆ. ರಾಗಿಗೆ ಅಂಥ ಗಟ್ಟಿ ಸಿಪ್ಪೆಯಿಲ್ಲ. ಮೇಲಾಗಿ ಅದರ ಪಿಷ್ಟ ಬೇಯಲು ಬಾರ್ಲಿಯದಕ್ಕಿಂತ ಹೆಚ್ಚು ಬಿಸಿ ಬೇಕು. ಅಷ್ಟು ಬಿಸಿಗೆ ಕಿಣ್ವ ತಾಳಲಾರದು. ಉಗಾಂಡದ ತೇಸೊ ಜನ ಇದಕ್ಕೆ ದಾರಿ ಕಂಡುಕೊಂಡದ್ದು ಎಂದೋ. ರಾಗಿ ಹಿಟ್ಟನ್ನು ಹುಳಿಬರಿಸಿ, ಹುರಿದು ಬೇಯಿಸಿಕೊಂಡು, ಆಮೇಲೆ ಮೊಳಕೆ ರಾಗಿ ಹಿಟ್ಟು ಬೆರೆಸುತ್ತಾರೆ. ‘ಅಜೋನ್’ ಎಂಬ ಈ ಪಾನೀಯದ ಮಡಕೆಯ ಸುತ್ತ ಕೂತು, ಉದ್ದನೆಯ ಕೊಳವೆಗಳಿಂದ ಎಲ್ಲರೂ ಒಟ್ಟಿಗೆ ಹೀರುತ್ತಾರೆ. ನೇಪಾಳ, ಸಿಕ್ಕಿಂಗಳ ‘ತೊಂಗ್ಬಾ’ ಕೂಡ ರಾಗಿಯದೇ: ಹುದುಗಿದ ಕಾಳಿನ ಮೇಲೆ ಬಿಸಿನೀರು ಸುರಿದು ಬಿದಿರಿನ ಕೊಳವೆಯಲ್ಲಿ ಹೀರುವುದು.

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಮಂಡ್ಯದ ವಿ.ಸಿ. ಫಾರಂನಲ್ಲಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಅಲ್ಲಿ ಮಡಕೆಗೆ ಹೋಗುವ ಕಾಳಿನ ವಂಶ ಇಲ್ಲಿ ಮುದ್ದೆಯಾಯಿತು.

ಹೂಗ್ಯಂ ಸೀಮೆಯವರಿಗೆ ರಾಗಿ ಎಂದರೆ ಮಾದಪ್ಪನ ನೆನಪೂ ಹೌದು. ಮಲೆ ಮಹದೇಶ್ವರರು ಸುತ್ತೂರು ಮಠದಲ್ಲಿ ರಾಗಿ ಬೀಸಿದ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ?

ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ್ದು. ಅದರ ಮತ್ತು ಮಾತ್ರ ಇದರಲ್ಲಿಲ್ಲ. ರಸದೊಡನೆ ಒಂದು ಗಂಟೆ ಕುದಿಸಿದರೆ ಕಹಿ ಬಿಡುತ್ತದೆ. ಕೊನೆಯ ಐದು ನಿಮಿಷಕ್ಕೆ ಹಾಕಿದರೆ ಪರಿಮಳವೇ ಹೆಚ್ಚು. ನಮ್ಮ ದೇಶದಲ್ಲಿ ಇದನ್ನು ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ.

ಬವೇರಿಯದಲ್ಲಿ 1516ರಲ್ಲಿ ಬಂದ ಕಟ್ಟಳೆಯ ಪ್ರಕಾರ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಸಲ್ಲದು. ಯೀಸ್ಟ್ ಪಟ್ಟಿಯಲ್ಲೇ ಇಲ್ಲ! ಹುದುಗಿಸುವುದು ಜೀವಿಯೊಂದರ ಕೆಲಸ ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು 19ನೇ ಶತಮಾನದಲ್ಲಿ.

ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು 1915ರಲ್ಲಿ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಸಣ್ಣ ಬ್ರೂವರಿಗಳನ್ನು ಒಂದುಗೂಡಿಸಿದ.

ಇನ್ನು ಕಾನೂನು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಮದ್ಯವೇ. ಮನೆಮಟ್ಟಿಗೆ, ಸ್ವಂತಕ್ಕೆ ಎಂಬ ಸಬೂಬು ನಡೆಯುವುದಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಮನೆಬಿಯರಿಗೆ ದಾರಿಯಾಯಿತು; ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್ ಮಿತಿ. ಬ್ರಿಟನ್ನಿನಲ್ಲಿ ಮನೆಬಿಯರಿನ ಲೈಸೆನ್ಸ್ ರದ್ದಾದದ್ದು 1963ರಲ್ಲಿ. ಅಲ್ಲಿರುವ ನಿಮ್ಮ ನೆಂಟರು ಗ್ಯಾರೇಜಿನಲ್ಲಿ ಹಂಡೆ ಏರಿಸಿದ್ದರೆ ಅಚ್ಚರಿಪಡಬೇಡಿ, ಊರಿಗೆ ಬಂದಾಗ ಇಲ್ಲಿ ಏರಿಸಲು ಬಿಡಲೂಬೇಡಿ.

ಹೂಗ್ಯಂ ಆಗ ಸೇರಿದ್ದ ಕೊಳ್ಳೇಗಾಲ ಸೀಮೆಗೆ ಇನ್ನೂ ಬಿಗಿಯಾದ ಕಾಲವೊಂದಿತ್ತು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಇದ್ದದ್ದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿ. ಮದ್ರಾಸ್ ಪ್ರಾಂತ್ಯದಲ್ಲಿ 1937ರಲ್ಲಿ ರಾಜಾಜಿಯವರ ಸರ್ಕಾರ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು.

ಬಿಯರ್ ಹುದುಗಿಸುವುದೂ ಕಳ್ಳಬಟ್ಟಿ ಇಳಿಸುವುದೂ ಒಂದೇ ಎಂದುಕೊಂಡವರಿದ್ದಾರೆ. ಅಲ್ಲ. ಬಿಯರನ್ನು ಬಟ್ಟಿ ಇಳಿಸುವುದೇ ಇಲ್ಲ. ಅದರ ಆಲ್ಕೋಹಾಲ್ ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸು. ಕಳ್ಳಬಟ್ಟಿ ದುರಂತಗಳಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಬೆರಕೆ ಮಾಡಿದ ಮೆಥನಾಲ್. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದನ್ನು ಹಳಬರು ಮರೆತಿಲ್ಲ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಿಂದ.

ಹಾಗಾದರೆ ಹೂಗ್ಯಂನ ಅಡುಗೆಮನೆಯಲ್ಲಿ ಯಾವ ಅಬಕಾರಿ ಇನ್‌ಸ್ಪೆಕ್ಟರಿಗೂ ಹೆದರದೆ ಎಲ್ಲಿಯವರೆಗೆ ಹೋಗಬಹುದು? ಸಿಹಿನೀರಿನವರೆಗೆ. ಒಂದು ಲೋಟ ರಾಗಿ ಹಿಟ್ಟಿನ ಗಂಜಿ ಕಾಯಿಸಿ, 65 ಡಿಗ್ರಿಗೆ ಇಳಿಸಿ, ಹುರಿಯದ ಮೊಳಕೆ ರಾಗಿ ಹಿಟ್ಟು ಅರ್ಧ ಲೋಟ ಕಲಸಿ, ಗೋಣಿಚೀಲ ಸುತ್ತಿ ಒಂದು ಗಂಟೆ ಬಿಡಿ. ಬಟ್ಟೆಯಲ್ಲಿ ಸೋಸಿ, ಒಂದು ಕುದಿ ಬರಿಸಿ, ಏಲಕ್ಕಿ ಹಾಕಿ. ಬೆಲ್ಲ ಹಾಕುವ ಮುಂಚೆ ಒಮ್ಮೆ ರುಚಿ ನೋಡಿ, ಸಿಹಿ ಆಗಲೇ ಬಂದಿರುತ್ತದೆ. ಅಂದೇ ಕುಡಿದು ಮುಗಿಸಿ. ರಾತ್ರಿಯಿಡೀ ಹೊರಗಿಟ್ಟರೆ ಗಾಳಿಯ ಯೀಸ್ಟೂ ಬ್ಯಾಕ್ಟೀರಿಯವೂ ನಿಮ್ಮ ಅಪ್ಪಣೆಗೆ ಕಾಯುವುದಿಲ್ಲ.