ಹೊಸ ಹಾಯಿಗೆ ಹಳೆಯ ಪಟ್ಟು ಸಲ್ಲದು
ವಿಂಡ್‌ಸರ್ಫಿಂಗ್‌ಗೆ ಮರಳುವವರು ಮೊದಲು ಮರೆಯಬೇಕಾದ ಅಭ್ಯಾಸಗಳು

ಎರಡು ದಶಕಗಳ ಹಿಂದೆ ಹಾಯಿ ಹಿಡಿದು ನೀರಿನ ಮೇಲೆ ಲೀಲಾಜಾಲವಾಗಿ ಸಾಗುತ್ತಿದ್ದವರು ಇಂದಿನ ಬೋರ್ಡ್ ಏರಿದರೆ ಮೊದಲ ದಿನವೇ ತಬ್ಬಿಬ್ಬಾಗುವುದುಂಟು. ಕಲಿತದ್ದು ಮರೆತುಹೋಯಿತು ಎಂದು ಹಲವರು ಕೈಚೆಲ್ಲುತ್ತಾರೆ. ವಾಸ್ತವದಲ್ಲಿ ಅವರಿಗೆ ಅಡ್ಡಿಯಾಗುವುದು ಮರೆವಲ್ಲ, ಹಳೆಯ ಸಲಕರಣೆಗೆ ಒಗ್ಗಿಹೋದ ಅಭ್ಯಾಸ.

ಬೋರ್ಡಿನ ಮೇಲೆ ಎಲ್ಲ ದಿಕ್ಕಿಗೂ ಬಾಗಬಲ್ಲ ಕೀಲಿನಿಂದ ಹಾಯಿಯನ್ನು ಜೋಡಿಸಿ, ನಿಂತುಕೊಂಡೇ ಗಾಳಿಯ ಬಲದಿಂದ ಸಾಗುವ ಈ ಕ್ರೀಡೆ 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. 1984ರಲ್ಲಿ ಒಲಿಂಪಿಕ್ಸ್ ಪ್ರವೇಶಿಸಿತು. ಅದರ ಸಲಕರಣೆ ಎಷ್ಟು ಬದಲಾಗಿದೆ ಎಂಬುದಕ್ಕೆ ಒಲಿಂಪಿಕ್ಸೇ ಸಾಕ್ಷಿ. 1996ರಿಂದ 2004ರವರೆಗೆ ಬಳಕೆಯಲ್ಲಿದ್ದ ಮಿಸ್ಟ್ರಲ್ ಬೋರ್ಡ್ 3.72 ಮೀಟರ್ ಉದ್ದ, ಸುಮಾರು 63 ಸೆಂ.ಮೀ. ಅಗಲವಿತ್ತು. 2008ರಲ್ಲಿ ಬಂದ ಆರ್‌ಎಸ್:ಎಕ್ಸ್‌ನ ಉದ್ದ 2.86 ಮೀಟರಿಗೆ ಇಳಿದು, ಅಗಲ 93 ಸೆಂ.ಮೀ.ಗೆ ಏರಿತು. 2024ರ ಪ್ಯಾರಿಸ್ ಕೂಟದ ಐಕ್ಯೂಫಾಯಿಲ್ ಕೇವಲ 2.2 ಮೀಟರ್ ಉದ್ದವಿದ್ದು, ತಳದ ರೆಕ್ಕೆಗಳ ಬಲದಿಂದ ನೀರಿನಿಂದ ಮೇಲೆದ್ದು ಸಾಗುತ್ತದೆ. 2023ರಲ್ಲಿ ನಡೆದ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಇಬಾದ್ ಅಲಿ ಕಂಚು ಗೆದ್ದದ್ದು ಆರ್‌ಎಸ್:ಎಕ್ಸ್ ವಿಭಾಗದಲ್ಲಿ.

ಮೊದಲು ವೇಗ, ಆಮೇಲೆ ದಿಕ್ಕು

ಹಳೆಯ ಉದ್ದನೆಯ ಬೋರ್ಡಿನ ನಡುವೆ ನೀರಿಗಿಳಿಯುವ ಡ್ಯಾಗರ್‌ಬೋರ್ಡ್ ಎಂಬ ಹಲಗೆಯಿರುತ್ತಿತ್ತು. ನಿಧಾನವಾಗಿ ಸಾಗುವಾಗಲೂ ಅದು ಬೋರ್ಡ್ ಪಕ್ಕಕ್ಕೆ ಜಾರದಂತೆ ತಡೆಯುತ್ತಿತ್ತು. ಇಂದಿನ ಬಹುತೇಕ ಹವ್ಯಾಸಿ ಬೋರ್ಡುಗಳಲ್ಲಿ ಈ ಕೆಲಸ ಹಿಂತುದಿಯ ಫಿನ್‌ನದು. ಫಿನ್‌ಗೆ ಬಲ ಬರುವುದು ವೇಗ ಬಂದ ಮೇಲೆಯೇ. ಹೊರಟ ಕೂಡಲೇ ಗಾಳಿಯತ್ತ ಮೂತಿ ತಿರುಗಿಸಿದರೆ ಬೋರ್ಡ್ ನಿಂತು, ಪಕ್ಕಕ್ಕೆ ತೇಲತೊಡಗುತ್ತದೆ. ಮೊದಲು ಗಾಳಿಗೆ ಅಡ್ಡಲಾಗಿ ಸಾಗಿ, ವೇಗ ಪಡೆದು, ನಂತರ ಸ್ವಲ್ಪ ಸ್ವಲ್ಪವೇ ಗಾಳಿಯತ್ತ ತಿರುಗುವುದು ಸರಿಯಾದ ಕ್ರಮ.

ತಿರುವಿನಲ್ಲೂ ಎಚ್ಚರ ಅಗತ್ಯ. ಮಾಸ್ಟ್ ಎಂದರೆ ಹಾಯಿಯ ಕಂಬ. ಅದರ ಮುಂದೆ ನಿಲ್ಲಲು ಚಿಕ್ಕ ಬೋರ್ಡಿನಲ್ಲಿ ಹೆಚ್ಚು ಜಾಗವಿಲ್ಲ. ಅಲ್ಲಿ ತಡೆದು ನಿಂತರೆ ಮೂತಿ ಮುಳುಗುತ್ತದೆ. ಕಾಲು ಬೇಗ ಬದಲಿಸಬೇಕು.

ಸಡಿಲವೇ ಸರಿ

ಹಳಬರನ್ನು ಹೆಚ್ಚು ಗೊಂದಲಕ್ಕೀಡುಮಾಡುವುದು ಹಾಯಿಯ ಜೋಡಣೆ. ಹಿಂದೆ ಹಾಯಿಯ ಹಿಂತುದಿಯನ್ನು ಬೂಮ್‌ನ ಕೊನೆಗೆ ಬಿಗಿಯಾಗಿ ಎಳೆದು ಕಟ್ಟಲಾಗುತ್ತಿತ್ತು. ಈಗ ಮುಖ್ಯ ಎಳೆತ ಕೆಳಮುಖವಾಗಿ, ಮಾಸ್ಟ್‌ನ ಬುಡದಲ್ಲಿ. ರಾಟೆಯಲ್ಲಿ ಹಗ್ಗ ಹಾಯಿಸಿ, ಮಾಸ್ಟ್ ಬಾಗುವಷ್ಟು ಬಲವಾಗಿ ಎಳೆದಾಗ ಹಾಯಿಯ ಮೇಲ್ಭಾಗದ ಹಿಂಚು ಸಡಿಲಗೊಂಡು ಜೋಲುತ್ತದೆ. ಹಳೆಯ ಕಣ್ಣಿಗೆ ಇದು ದೋಷವೆನಿಸಿದರೂ ವಿನ್ಯಾಸದ ಗುಟ್ಟು ಇರುವುದು ಇಲ್ಲಿಯೇ. ಗಾಳಿ ಒಮ್ಮೆಗೇ ಬೀಸಿದಾಗ ಈ ಭಾಗ ತಿರುಚಿಕೊಂಡು ಹೆಚ್ಚುವರಿ ಒತ್ತಡವನ್ನು ಹೊರಬಿಡುತ್ತದೆ. ಕೆಳಗಿನ ಎಳೆತ ಸಾಲದಿದ್ದರೆ ಹಿಂದಿನ ಕೈಗೆ ಭಾರ ಬಿದ್ದು ಸವಾರ ಬೇಗ ದಣಿಯುತ್ತಾನೆ. ಬೂಮ್‌ನ ಕೊನೆಯಲ್ಲಿ ಮಾತ್ರ ಹಗುರ ಎಳೆತವೇ ಸಾಕು.

ಹಳೆಯ ಮಾಸ್ಟ್‌ಗೆ ಹೊಸ ಹಾಯಿ ತೊಡಿಸುವುದು ಹಣ ಉಳಿಸಿದಂತೆ ಕಂಡರೂ ಪ್ರಯೋಜನವಿಲ್ಲ. ಪ್ರತಿ ಹಾಯಿಯೂ ನಿರ್ದಿಷ್ಟ ಉದ್ದ ಮತ್ತು ಬಾಗುವಿಕೆಯ ಮಾಸ್ಟ್‌ಗೆಂದೇ ತಯಾರಾಗುತ್ತದೆ. ಈ ಅಳತೆಗಳನ್ನು ಹಾಯಿಯ ಮೇಲೆಯೇ ಮುದ್ರಿಸಿರುವುದು ವಾಡಿಕೆ.

ದಡದ ನೆನಪಿರಲಿ

ಬೋರ್ಡಿನ ಗಾತ್ರವನ್ನು ಲೀಟರುಗಳಲ್ಲಿ ಅಳೆಯಲಾಗುತ್ತದೆ. ಒಂದು ಲೀಟರ್ ಸ್ಥೂಲವಾಗಿ ಒಂದು ಕಿಲೋ ಭಾರ ತೇಲಿಸುತ್ತದೆ. ಸವಾರ, ಹಾಯಿ ಹಾಗೂ ಬೋರ್ಡಿನ ಒಟ್ಟು ತೂಕಕ್ಕಿಂತ ಗಾತ್ರ ಕಡಿಮೆಯಿದ್ದರೆ, ಗಾಳಿ ನಿಂತಾಗ ಬೋರ್ಡ್ ಮುಳುಗುತ್ತದೆ. ಆಗ ಅದರ ಮೇಲೆ ನಿಂತು ಹಾಯಿ ಎತ್ತಲಾಗದು. ಆದ್ದರಿಂದ 80 ಕಿಲೋ ತೂಕದವರು ಮರುಪ್ರಾರಂಭಕ್ಕೆ 140 ಲೀಟರಿನಷ್ಟು ದೊಡ್ಡ ಬೋರ್ಡ್ ಆರಿಸಿಕೊಳ್ಳುವುದು ಕ್ಷೇಮ.

ದಡದಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಹೊಸ ಸಲಕರಣೆಯ ಪರೀಕ್ಷೆ ಬೇಡವೇ ಬೇಡ. ಡ್ಯಾಗರ್‌ಬೋರ್ಡ್ ಇಲ್ಲದ ಬೋರ್ಡ್ ಗಾಳಿ ಕುಗ್ಗಿದಾಗ ಹಿಂದಿರುಗಲು ನೆರವಾಗದು. ಹಳೆಯ ಬೋರ್ಡಿನಲ್ಲಿ ಸುಲಭವಾಗಿ ದಡ ಸೇರುತ್ತಿದ್ದ ನೆನಪೇ ಇಲ್ಲಿ ಅಪಾಯಕ್ಕೆ ದೂಡಬಹುದು. ಗಾಳಿಯನ್ನು ಓದುವ, ತೋಲನ ಕಾಯ್ದುಕೊಳ್ಳುವ ಹಳೆಯ ವಿದ್ಯೆ ಇಂದಿಗೂ ಬೆಲೆಯುಳ್ಳದ್ದು. ಹೊಸದಾಗಿ ಕಲಿಯಬೇಕಾದದ್ದು ಹಾಯಿ ಕಟ್ಟುವ, ಕಾಲಿಡುವ ಮತ್ತು ವೇಗಕ್ಕಾಗಿ ಕಾಯುವ ಕ್ರಮವನ್ನು.